ಹೆಸರು ತೆಗೆದ ಮೇಲೆ ರೂನ್ ಪದ್ಯ ಕನ್ನಡಕ್ಕೆ ಬಂತು

ಹಳೆ ಇಂಗ್ಲಿಷಿನ ರೂನ್ ಪದ್ಯದ 29 ಚರಣಗಳೂ ಈಗ ಕನ್ನಡದಲ್ಲಿವೆ. ರೂನ್ ಅಂದರೆ ಉತ್ತರ ಯುರೋಪಿನವರು ಹಿಂದೆ ಕೊರೆಯುತ್ತಿದ್ದ ಅಕ್ಷರ. ಪ್ರತಿ ಅಕ್ಷರಕ್ಕೂ ಒಂದು ವಸ್ತುವಿನ ಹೆಸರಿದೆ, ಪದ್ಯದ ಒಂದೊಂದು ಚರಣ ಅಂಥ ಒಂದೊಂದು ವಸ್ತುವನ್ನು ವರ್ಣಿಸುತ್ತದೆ. ಅಡಿಟಿಪ್ಪಣಿ ಒಂದೂ ಇಲ್ಲ. ಓದಿದ ಕಡೆಯೆಲ್ಲ ಜನ ಕಿವಿಗೊಟ್ಟು ಕೇಳಿದ್ದಾರೆ, ಒಗಟಿಗೆ ಕೂಗುವ ಹಾಗೆ ಉತ್ತರ ಕೂಗಿದ್ದಾರೆ. ಶುರು ಮಾಡಿದಾಗ ಅನುವಾದ ಮಾಡುವ ಗೆಳೆಯರೊಬ್ಬರು ಹೇಳಿದ್ದು ನೆನಪಿದೆ: "ಅಲ್ಲ ಮಾರಾಯ್ರೇ, ರೂನ್ ಪದ್ಯ ಅಂದ್ರೇನೇ ರೂನ್‌ಗಳ ಹೆಸರು. ಆ ಹೆಸರನ್ನೇ ತೆಗೆದ್ರೆ ಉಳಿಯೋದೇನು?" ಉಳಿದದ್ದು ಏನು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕರಡಿನಲ್ಲಿ ಹೆಸರುಗಳನ್ನು ಇದ್ದ ಹಾಗೇ ಇಟ್ಟಿದ್ದೆ. "ಫೆಯೊ ಎಲ್ಲರಿಗೂ ನೆಮ್ಮದಿ" ಅಂತ ಶುರು. ಫೆಯೊ ಅಂದರೆ ಹಣ, ಸಂಪತ್ತು. ಮೂರು ಸಾಲಿನ ಚರಣಕ್ಕೆ ಎಂಟು ಸಾಲಿನ ಟಿಪ್ಪಣಿ. ಒಂದು ಕೂಟದಲ್ಲಿ ಓದಿದೆ. ನಾಲ್ಕನೇ ಚರಣಕ್ಕೇ ಜನ ಫೋನು ತೆಗೆದರು.

ಎರಡನೇ ಸಲ ಸದ್ದು ಉಳಿಸಲು ಹೋದೆ. ಹೆಸರಿನ ಮೊದಲ ಸದ್ದೇ ರೂನಿನ ಅಕ್ಷರ ಅಲ್ವಾ, ಕನ್ನಡದಲ್ಲೂ ಹಾಗೇ ಇರಲಿ ಅಂದುಕೊಂಡೆ. 'ಫ'ದಿಂದ ಶುರುವಾಗುವ ಅಚ್ಚಗನ್ನಡ ಪದ ಎಲ್ಲಿಂದ ತರುವುದು? 'ಫಲ' ಹಾಕಿದೆ. ಹಣದ ಮಾತು ಹಣ್ಣಿನ ಮಾತಾಯಿತು. ಇದರಲ್ಲಿ ಐದಾರು ತಿಂಗಳು ಹೋಯಿತು.

ಮೂರನೇ ತಪ್ಪು ಜಾಸ್ತಿ ದುಬಾರಿ. ರೂನ್‌ಗಳ ಅರ್ಥ ಹೇಳುವ ಪುಸ್ತಕಗಳು ಅಂತ ಮೂರು ತರಿಸಿದೆ; ಸಾಗಣೆ, ಸುಂಕ ಎಲ್ಲ ಸೇರಿ ಆರು ಸಾವಿರದ ಹತ್ತಿರ. ಮೂರರಲ್ಲೂ ಭವಿಷ್ಯ ಹೇಳುವುದೇ ಮುಖ್ಯ. ಹಳೆ ಇಂಗ್ಲಿಷ್, ನಾರ್ವೆ, ಐಸ್‌ಲ್ಯಾಂಡ್ ಪದ್ಯಗಳ ಅರ್ಥಗಳನ್ನು ಒಂದೇ ಪಾತ್ರೆಗೆ ಸುರಿದು ಕಲಸಿದ್ದರು. 'ಊರ್' ಎಂಬ ಒಂದೇ ಹೆಸರನ್ನು ನೋಡಿ. ಹಳೆ ಇಂಗ್ಲಿಷಿನಲ್ಲಿ ಅದು ಆರಾಕ್ಸ್ ಎಂಬ ಕಾಡುದನ. ನಾರ್ವೆಯ ಪದ್ಯದಲ್ಲಿ ಕೆಟ್ಟ ಕಬ್ಬಿಣದಿಂದ ಬರುವ ಕಿಟ್ಟ. ಐಸ್‌ಲ್ಯಾಂಡಿನದರಲ್ಲಿ ಮಳೆ, ಅಂದರೆ "ಮೋಡಗಳ ಅಳು". ನಾನೂ ಕಲಸಿಯೇ ಬರೆದಿದ್ದೆ. ಅಷ್ಟನ್ನೂ ಹರಿದು ಹಾಕಿದೆ. ಒಂದು ಪದ್ಯಕ್ಕೆ ಕೈ ಹಾಕಿದರೆ ಆ ಪದ್ಯದ ಅರ್ಥಕ್ಕೇ ನಿಲ್ಲಬೇಕು.

ದಾರಿ ತೋರಿಸಿದ್ದು ಹಳೆ ಇಂಗ್ಲಿಷ್ ಪದ್ಯದ ಹಸ್ತಪ್ರತಿಯ ಕಥೆ. ಲಂಡನ್ನಿನ ಕಾಟನ್ ಗ್ರಂಥಭಂಡಾರದಲ್ಲಿದ್ದ ಆ ಹಾಳೆ 1731ರ ಬೆಂಕಿಯಲ್ಲಿ ಸುಟ್ಟುಹೋಯಿತು. ನಮಗೆ ಸಿಕ್ಕಿರುವುದು ಜಾರ್ಜ್ ಹಿಕ್ಸ್ ಎಂಬ ಇಂಗ್ಲಿಷ್ ವಿದ್ವಾಂಸ 1705ರಲ್ಲಿ ಅಚ್ಚು ಹಾಕಿಸಿದ ಪಾಠ ಮಾತ್ರ. ಅದರಲ್ಲಿ ರೂನ್ ಪಕ್ಕ ಹೆಸರುಗಳಿವೆ. ಆದರೆ ಆ ಹೆಸರುಗಳು ಮೂಲ ಹಾಳೆಯಲ್ಲಿರಲಿಲ್ಲ, ಬೇರೆ ಹಸ್ತಪ್ರತಿಯಿಂದ ಆಮೇಲೆ ಸೇರಿದವು ಎಂಬುದು ವಿದ್ವಾಂಸರ ಅಭಿಪ್ರಾಯ. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹಾಗಾದರೆ ಓದುಗನ ಮುಂದೆ ಇದ್ದದ್ದು ಬರೀ ಗುರುತು, ಆಮೇಲೆ ವರ್ಣನೆ. ಹೆಸರನ್ನು ಅವನೇ ಹೇಳಿಕೊಳ್ಳಬೇಕು. ಇದು ನಮ್ಮ ಒಗಟಲ್ಲದೆ ಮತ್ತೇನು?

ಅಲ್ಲಿಂದ ಕೆಲಸ ಓಡಿತು. ಮೇಲೆ ರೂನ್ ಚಿತ್ರ, ಕೆಳಗೆ ಚರಣ, ಹೆಸರಿಲ್ಲ. ಉತ್ತರಗಳು ಕೊನೆಯ ಪುಟದಲ್ಲಿ, ಮಕ್ಕಳ ಪತ್ರಿಕೆಯ ಹಾಗೆ ತಲೆಕೆಳಗಾಗಿ. ಕಾಡುದನದ ಚರಣ ಹೀಗೆ ಬಂತು:

ಹಟದ ಜೀವ, ಹಣೆಯ ಮೇಲೆ ಹಿರಿಕೊಂಬು;
ಕ್ರೂರ ಮೃಗ, ಕೊಂಬಿನಲ್ಲೇ ಕಾದಾಟ;
ಜವುಗಿನಲ್ಲಿ ಹೆಸರಾದ ನಡಿಗೆ, ಜಗ್ಗದ ಜೀವ.

ಮೂಲದಲ್ಲಿ ಸಾಲಿನ ಎರಡು ಅರ್ಧಗಳನ್ನು ಪದಗಳ ಮೊದಲ ಸದ್ದು ಕಟ್ಟುತ್ತದೆ. ಮೊದಲು ನಮ್ಮ ಆದಿಪ್ರಾಸದಲ್ಲೇ, ಎರಡನೇ ಅಕ್ಷರ ಹಿಡಿದು ನೋಡಿದ್ದೆ. ಷಟ್ಪದಿಯ ವಾಸನೆ ಬಂದು ಪದ್ಯ ಬೇರೆಯದೇ ಆಯಿತು. ಮೊದಲಕ್ಷರಕ್ಕೆ ಬಂದ ಮೇಲೆ ಸರಿಹೋಯಿತು. ಸಾಲನ್ನು ಎಲ್ಲಿ ಮುರಿಯಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಸದ್ಯಕ್ಕೆ ಅದು ನನ್ನ ಬಳಿಯೇ ಇರಲಿ.

ಏಳೆಂಟು ಕಡೆ ಓದಿದೆ, ಪ್ರತಿ ಸಲ ಇಪ್ಪತ್ತು ಇಪ್ಪತ್ತೈದು ಜನ. 29ರಲ್ಲಿ ಸುಮಾರು ಹತ್ತೊಂಬತ್ತನ್ನು ಯಾರಾದರೂ ಒಡೆದೇ ಒಡೆದರು. ಮಲೆನಾಡಿನಲ್ಲಿ ಮೇಲಿನ ಚರಣ ಓದಿ ಮುಗಿಸುವ ಮೊದಲೇ "ಕಾಟಿ!" ಅಂತ ಕೂಗು. ಆರಾಕ್ಸ್ ಬೇರೆ, ಕಾಟಿ ಬೇರೆ. ಕೊನೆಯ ಆರಾಕ್ಸ್ 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ಆದರೂ ಪೂರ್ತಿ ಅಂಕ ಕೊಟ್ಟೆ. ಕೊಂಬು, ಹಟ, ಜವುಗು ಎಲ್ಲವನ್ನೂ ಅವರು ಕಂಡಿದ್ದರಲ್ಲ.

ಆಲಿಕಲ್ಲಿನ ಚರಣ ನನಗೆ ಅಚ್ಚುಮೆಚ್ಚು. "ಕಾಳುಗಳಲ್ಲೆಲ್ಲ ಕಡು ಬಿಳಿ, ಬಾನಿಂದ ಬೀಳುತ್ತದೆ, ಗಾಳಿ ಹೊರಳಿಸುತ್ತದೆ, ಆಮೇಲೆ ನೀರಾಗುತ್ತದೆ." ನಮಗೆ ಅದು ಕಲ್ಲು, ಅವರಿಗೆ ಕಾಳು. ಮೊದಲ ಕರಡಿನಲ್ಲಿ ನಾನೇ 'ಕಲ್ಲು' ಅಂತ ಬರೆದು ಆ ಚೆಲುವನ್ನು ಹಾಳು ಮಾಡಿದ್ದೆ. ಹೆಸರು ತೆಗೆದಾಗ ಕಾಳು ತಾನಾಗಿಯೇ ಎದ್ದು ಕಂಡಿತು. ಮಂಜುಗಡ್ಡೆಯ ಚರಣ ಮಾತ್ರ ಸತಾಯಿಸಿತು. ತೀರಾ ತಣ್ಣಗೆ, ವಿಪರೀತ ಜಾರು, ಗಾಜಿನಂತೆ ಹೊಳಪು, ಹರಳಿನಂತೆ ಚೆಲುವು, ಚಳಿ ಕಟ್ಟಿದ ನೆಲ. ಒಬ್ಬರು ಗ್ರಾನೈಟ್ ಅಂದರು, ಇನ್ನೊಬ್ಬರು ಅಮೃತಶಿಲೆ. ಹೆಪ್ಪುಗಟ್ಟಿದ ನೀರಿನ ಮೇಲೆ ನಡೆಯದ ಊರಿನಲ್ಲಿ ಇದು ತಪ್ಪು ಉತ್ತರ ಅಂತ ನನಗೆ ಅನ್ನಿಸಲಿಲ್ಲ. ಓಕ್, ಆ್ಯಶ್, ಯೂ ಮರಗಳನ್ನು ಯಾರೂ ಒಡೆಯಲಿಲ್ಲ. 'ಪೆಯೊರ್ದ್' ರೂನಿನ ಅರ್ಥದ ಬಗ್ಗೆ ವಿದ್ವಾಂಸರೇ ಇನ್ನೂ ಒಂದು ಮಾತಿಗೆ ಬಂದಿಲ್ಲ. ಅದರ ಚರಣದಲ್ಲಿ ಆಟ, ನಗು, ಒಟ್ಟಿಗೆ ಕುಳಿತ ಯೋಧರು ಬರುತ್ತಾರೆ, ನಡುವೆ ಪದ ಬಿಟ್ಟುಹೋಗಿದೆ. ಆ ಜಾಗ ಖಾಲಿಯೇ ಬಿಟ್ಟೆ. ಹೆಂಗಸರೆಲ್ಲ ಒಟ್ಟಿಗೆ "ಚೌಕಾಬಾರ" ಅಂದರು.

ಮೊದಲ ರೂನ್ ಫೆಯೊದಲ್ಲಿ ಕನ್ನಡವೇ ನನ್ನ ಕೈ ಹಿಡಿಯಿತು. ಆ ಪದಕ್ಕೆ ದನಕರು ಅಂತಲೂ ಅರ್ಥ, ಸಂಪತ್ತು ಅಂತಲೂ ಅರ್ಥ. ಇವತ್ತಿನ ಜರ್ಮನ್ನಿನಲ್ಲಿ 'ಫೀ' ಅಂದರೆ ದನಕರುಗಳೇ. ನಮ್ಮ 'ದನ' ಬಂದದ್ದೂ 'ಧನ'ದಿಂದ! ಖುಷಿಯಲ್ಲಿ "ಕೊಟ್ಟಿಗೆಯಲ್ಲೂ ಇದೆ, ಪೆಟ್ಟಿಗೆಯಲ್ಲೂ ಇದೆ" ಅಂತ ಒಂದು ಸಾಲು ಸೇರಿಸಿದೆ. ಕೇಳಿದವರಿಗೆಲ್ಲ ಇಷ್ಟವಾಯಿತು. ಮೂಲದಲ್ಲಿ ಇಲ್ಲದ್ದು ಅಂತ ಮನಸ್ಸಿಲ್ಲದ ಮನಸ್ಸಿನಿಂದ ತೆಗೆದೆ. ಉತ್ತರದ ಪುಟದಲ್ಲಿ 'ದನ, ಧನ' ಅಂತ ಎರಡನ್ನೂ ಬರೆದಿದ್ದೇನೆ.

ನಡುವೆ ಸುಮ್ನೆ ನಾರ್ವೆಯ ಪದ್ಯದಲ್ಲೂ ಕೈಯಾಡಿಸಿದೆ. ಅಲ್ಲಿ 16 ರೂನ್, ಎರಡೆರಡು ಸಾಲು, ಅಂತ್ಯಪ್ರಾಸ. "ಹಣದಿಂದ ನೆಂಟರಲ್ಲಿ ಜಗಳ, ಕಾಡಲ್ಲಿ ಬೆಳೆಯಿತು ತೋಳ." ಇದು ಎರಡು ನಿಮಿಷದಲ್ಲಿ ಬಂತು. ಗಾದೆಯ ಹಾಗೆ ನಿಂತಿದೆ, ಒಂದಕ್ಷರ ಬದಲಾಯಿಸಿಲ್ಲ.

ಕೂಟದಲ್ಲಿ ತೋರಿಸಲು ಹಾಲೆ ಮರದ ಬಿಲ್ಲೆಗಳ ಮೇಲೆ 29 ರೂನ್‌ಗಳನ್ನೂ ಚಾಕುವಿನಲ್ಲಿ ಕೊರೆದೆ. ಮರದ ಎಳೆಗೆ ಅಡ್ಡವಾಗಿ, ಓರೆಯಾಗಿ ಗೀರಿದರೆ ಗೆರೆ ಚೊಕ್ಕ. ಎಳೆಯ ಜೊತೆಗೇ ಗೀರಿದರೆ ಸೀಳುತ್ತದೆ. ರೂನ್‌ಗಳಲ್ಲಿ ನೆಟ್ಟಗೆರೆ, ಓರೆಗೆರೆಯೇ ಯಾಕೆ ಜಾಸ್ತಿ ಅಂತ ಆರು ಬಿಲ್ಲೆ ಹಾಳಾದ ಮೇಲೆ ಕೈಗೇ ಗೊತ್ತಾಯಿತು. ನಮ್ಮ ಅಕ್ಷರ ದುಂಡಗಾದದ್ದು ಓಲೆಗರಿಯಿಂದ ಅಂತ ಹೇಳುತ್ತಾರಲ್ಲ, ಇದು ಅದೇ ಮಾತು, ಮರದಲ್ಲಿ.

ಅಚ್ಚಿನಲ್ಲಿ ಮತ್ತೆ ಪೆಟ್ಟು ಬಿತ್ತು. ಡಿಟಿಪಿಯವರ ಹಳೇ ಫಾಂಟಿನಲ್ಲಿ ರೂನ್ ಇದ್ದ ಕಡೆಯೆಲ್ಲ ಖಾಲಿ ಚೌಕ. ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟರೂ ಪುಟ ಕಟ್ಟುವಾಗ ಹಾರಿಹೋಯಿತು. ಎರಡು ಸಲ ಪ್ರೂಫ್, ನಾಲ್ಕು ಸಾವಿರದಷ್ಟು ದಂಡ. ಕೊನೆಗೆ ಕೊರೆದ ಬಿಲ್ಲೆಗಳಿಗೇ ಮಸಿ ಹಚ್ಚಿ ಕಾಗದಕ್ಕೆ ಒತ್ತಿ, ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿಸಿದೆ. ತಿರುಗುಮುರುಗಾಗದಂತೆ ಹೇಗೆ ಒತ್ತಬೇಕು ಅಂತ ಮಾಡಿದವರಿಗೆ ಗೊತ್ತು. 300 ಪ್ರತಿಗೆ ಹನ್ನೆರಡು ಸಾವಿರದ ಆಸುಪಾಸು ಖರ್ಚು, ಬೆಲೆ 60 ರೂಪಾಯಿ. 240ರಷ್ಟು ಹೋಗಿವೆ. ಮೊದಲು ತರಿಸಿದ ಆ ಮೂರು ಪುಸ್ತಕಗಳ ಖರ್ಚು, ಪ್ರೂಫಿನ ದಂಡ ಬಿಟ್ಟರೆ ಅಸಲು ಬಂದಿದೆ.

ಕೊನೆಯ ರೂನ್ 'ಏಯರ್'. ಎಲ್ಲರಿಗೂ ಅಂಜಿಕೆ ತರುವಂಥದು. ಒಡಲು ತಣ್ಣಗಾಗಿ, ಬಿಳಿಚಿಕೊಂಡು, ನೆಲವನ್ನೇ ಹಾಸಿಗೆಯ ಜೊತೆಯಾಗಿ ಆರಿಸಿಕೊಳ್ಳುವ ಹೊತ್ತು. ಹಣ್ಣು ಉದುರುತ್ತವೆ, ನಲಿವು ಹೊರಟುಹೋಗುತ್ತದೆ, ಕೊಟ್ಟ ಮಾತು ಮುರಿಯುತ್ತದೆ. ಉತ್ತರದ ಪುಟದಲ್ಲಿ ನಾನು 'ಗೋರಿ' ಅಂತ ಹಾಕಿಸಿದ್ದೆ. ಓದಿದಾಗ ಯಾರೂ ಕೂಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೆಲ್ಲಗೆ "ಮಣ್ಣು ಕಣಪ್ಪ" ಅಂದರು. ಆ ಒಂದು ಪುಟವನ್ನು ಮತ್ತೆ ಅಚ್ಚು ಹಾಕಿಸಿ, ಉಳಿದ ಪ್ರತಿಗಳಿಗೆ ಅಂಟಿಸಿದೆ. 180 ರೂಪಾಯಿ ಆಯಿತು.