ಕಟ್ಟಡದ ಮುಂದೆ ಮೊದಲು ಸುಮ್ಮನೆ ನಿಲ್ಲುತ್ತೇನೆ

ಮೊದಲ ಸಲ ಮಕ್ಕಳನ್ನು ನಗರದ ಹಳೆಯ ಕಟ್ಟಡಗಳ ನಡಿಗೆಗೆ ಕರೆದುಕೊಂಡು ಹೋದಾಗ 2 ಗಂಟೆಯಲ್ಲಿ 11 ಕಟ್ಟಡ ತೋರಿಸಿದ್ದೆ. ಯಾರು ಕಟ್ಟಿಸಿದರು, ಯಾವ ಇಸವಿ, ಯಾವ ಶೈಲಿ ಎಂದು ಹೇಳುತ್ತಲೇ ಹೋದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು, ಉಳಿದವರು ರಸ್ತೆ ನೋಡುತ್ತಿದ್ದರು. ಕಟ್ಟಡ ನೋಡುತ್ತಿದ್ದವಳು ನಾನೊಬ್ಬಳೇ. ಅದು ನನ್ನನ್ನು ತುಂಬಾ ದಿನ ಕಾಡಿತು.

ಈಗ ಒಂದೂವರೆ ಗಂಟೆಗೆ 3 ಕಟ್ಟಡ, ಅಷ್ಟೇ. ಮೊದಲ 5 ನಿಮಿಷ ನಾನು ಬಾಯಿ ಬಿಡುವುದಿಲ್ಲ. ಮಕ್ಕಳು ಒಂದೇ ಒಂದು ಕಿಟಕಿಯ ಚಿತ್ರ ಬರೆಯಬೇಕು. ಚೆನ್ನಾಗಿ ಬರಬೇಕೆಂದೇನಿಲ್ಲ. ಬರೆಯುವಾಗ ಕಣ್ಣು ಹತ್ತಾರು ಸಲ ಕಿಟಕಿಗೆ ಹೋಗಿ ಬರುತ್ತದೆ, ನನಗೆ ಬೇಕಿರುವುದೇ ಅದು. ಆಮೇಲೆ ಕೇಳುತ್ತೇನೆ: ಮಳೆ ಬಂದರೆ ಈ ಗೋಡೆ ಮೇಲೆ ನೀರು ಹೇಗೆ ಇಳಿಯುತ್ತದೆ? ಕಿಟಕಿಯ ಕೆಳಗಿನ ಕಲ್ಲು ಯಾಕೆ ಮುಂದಕ್ಕೆ ಚಾಚಿದೆ? ಅದರ ಅಡಿಯಲ್ಲಿ ಬೆರಳಾಡಿಸಿದರೆ ಎಷ್ಟೋ ಕಡೆ ಉದ್ದಕ್ಕೂ ಒಂದು ಗೀರು ಸಿಗುತ್ತದೆ. ನೀರು ಕಲ್ಲಿನ ಅಡಿಯಲ್ಲೇ ಹರಿದು ಗೋಡೆ ಸೇರದೆ, ಅಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ ಅದನ್ನು ಕೊರೆದಿರುತ್ತಾರೆ. ಇದು ಗೊತ್ತಾದ ಮೇಲೆ ಗೋಡೆಯ ಕಪ್ಪು ಕಲೆಗಳೂ ಮಕ್ಕಳಿಗೆ ಮಾತಾಡಲು ಶುರು ಮಾಡುತ್ತವೆ.

ಕಮಾನಿನ ಹತ್ತಿರ ನಿಂತಾಗ ಜಾಸ್ತಿ ಹೊತ್ತು ಹೋಗುತ್ತದೆ, ಹೋಗಲಿ. ಇಬ್ಬರು ಎದುರುಬದುರು ನಿಂತು, ಅಂಗೈಗೆ ಅಂಗೈ ಕೊಟ್ಟು, ಕಾಲು ಸ್ವಲ್ಪ ಹಿಂದೆ ಸರಿಸಿ ಒರಗಬೇಕು. ಕಾಲು ಜಾರಲು ನೋಡುತ್ತದೆ. ಇನ್ನಿಬ್ಬರು ಅವರ ಹಿಮ್ಮಡಿಗೆ ತಮ್ಮ ಪಾದ ಒತ್ತಿಟ್ಟರೆ ನಿಲ್ಲುತ್ತದೆ. ಭಾರ ಕೆಳಗಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ ಎಂದು ಮೈಗೇ ಗೊತ್ತಾಗುತ್ತದೆ. ಕಮಾನಿನ ಎರಡೂ ಬದಿ ಗೋಡೆ ಅಷ್ಟು ದಪ್ಪ ಯಾಕೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಜೇಬಿನಲ್ಲಿ ಒಂದು ಸರಪಳಿ ಇಟ್ಟುಕೊಂಡಿರುತ್ತೇನೆ. ಎರಡು ತುದಿ ಹಿಡಿದು ಇಳಿಬಿಟ್ಟು, ಫೋಟೋ ತೆಗೆದು, ಮೊಬೈಲ್ ತಲೆಕೆಳಗು ಮಾಡಿದರೆ ಕಮಾನು! ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಈ ಮಾತನ್ನು ಅಕ್ಷರಗಳನ್ನು ಕಲಸಿ ಒಗಟಿನ ಹಾಗೆ ಅಚ್ಚು ಹಾಕಿಸಿದ್ದ, ಬಿಡಿಸಿದ ರೂಪ ಹೊರಬಂದಿದ್ದು ಅವನು ತೀರಿಕೊಂಡ ಮೇಲೆ. ಈ ಕಥೆಯನ್ನು ಸರಪಳಿ ಕೈಯಲ್ಲಿರುವಾಗ ಹೇಳಬೇಕು, ಮೊದಲೇ ಹೇಳಿದರೆ ಸಪ್ಪೆ.

ಹೋಗುವ ಮುಂಚೆ ಅದೇ ಹೊತ್ತಿಗೆ ಒಬ್ಬಳೇ ಹೋಗಿ ಬರುತ್ತೇನೆ. ನೆರಳು ಎಲ್ಲಿದೆ, ಗಾಡಿ ಸದ್ದು ಎಲ್ಲಿ ಕಡಿಮೆ, ಎಲ್ಲಿ ರಸ್ತೆ ದಾಟಬೇಕು ಎಂದು ನೋಡಿಕೊಳ್ಳಬೇಕಲ್ವಾ. ಬಿಸಿಲು ನನ್ನ ಮುಖಕ್ಕೆ ಬೀಳಲಿ, ಮಕ್ಕಳ ಕಣ್ಣಿಗೆ ಬೇಡ. ಕೊನೆಯಲ್ಲಿ ನಡೆಯಲು ಇನ್ನೊಬ್ಬ ಟೀಚರ್ ಇರಲೇಬೇಕು.

ಕಳೆದ ಸಲ ಒಂದು ಇಟ್ಟಿಗೆ ಗೋಡೆಯ ಮುಂದೆ ಇದ್ದೆವು. ಒಂದು ಸಾಲಿನಲ್ಲಿ ಇಟ್ಟಿಗೆಯ ಉದ್ದನೆಯ ಬದಿ ಕಾಣುತ್ತದೆ, ಮೇಲಿನ ಸಾಲಿನಲ್ಲಿ ಗಿಡ್ಡ ಬದಿ, ಹೀಗೆ ಕಟ್ಟಿದ ಗೋಡೆ. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ ಪೆನ್ಸಿಲ್ ನಿಲ್ಲಿಸಿ, "ಮಿಸ್, ಇಲ್ಲಿ ಮಾತ್ರ ಎಲ್ಲಾ ಉದ್ದನೆಯವೇ ಇವೆ" ಅಂದ. ಹತ್ತಿರ ಹೋದೆವು. ಗಾರೆಯ ಬಣ್ಣವೂ ಬೇರೆ. ಅವನು ಅಂಚಿನ ಮೇಲೆ ಬೆರಳಿಟ್ಟುಕೊಂಡು ಹೋದ. ನೇರವಾಗಿ ಮೇಲಕ್ಕೆ, ಅಡ್ಡಕ್ಕೆ, ಮತ್ತೆ ಕೆಳಕ್ಕೆ. ಒಂದು ಬಾಗಿಲಿನ ಅಳತೆ! ಎಷ್ಟೋ ಸಲ ಅದೇ ಗೋಡೆಯ ಮುಂದೆ ನಿಂತಿದ್ದೆ, ನನಗೆ ಕಂಡಿರಲಿಲ್ಲ. ಯಾಕೆ ಮುಚ್ಚಿದರು ಎಂದು ಅವನು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಮಕ್ಕಳೆಲ್ಲ ಗೋಡೆಯ ಆಚೆ ಬದಿ ನೋಡಲು ಓಡಿದ್ದರು.