ಯಮಹಾ ಆರ್‌ಎಕ್ಸ್ 100 ಬೈಕಿಗೆ ಫ್ಲಾಟ್ ಹ್ಯಾಂಡಲ್ ಹಾಕಿದ್ಮೇಲೆ ಲಿವರು, ಕೇಬಲ್ಲು, ಪೆಡಲ್ಲು ಎಲ್ಲ ಸೆಟ್ ಮಾಡ್ಕೊಂಡಿದ್ದು – ನನ್ನ ಅನುಭವ

ಹ್ಯಾಂಡಲ್ ಬಾರ್ ಬದಲಾಯಿಸೋದು ನಾಲ್ಕು ಬೋಲ್ಟಿನ ಕೆಲ್ಸ, ಆದ್ರೆ ಅದಾದ್ಮೇಲೆ ಕೈಗೆ ಕಾಲಿಗೆ ಸಿಗೋ ಒಂದೊಂದನ್ನೂ ಹೊಸದಾಗಿ ಕೂರಿಸ್ಬೇಕು ಅನ್ನೋದನ್ನ ಬಾರ್ ಮಾರೋ ಅಂಗಡಿಯೋರು ಯಾರೂ ಹೇಳಲ್ಲ. "ಹಾಕ್ಕೊಂಡು ಹೋಗಿ ಸರ್, ಸೂಪರಾಗಿರತ್ತೆ" ಅಂತಾರೆ ಅಷ್ಟೆ. ಹಾಗೇ ಹಾಕ್ಕೊಂಡು ಓಡಾಡೋರೇ ಆಮೇಲೆ "ಫ್ಲಾಟ್ ಬಾರ್ ಹಾಕಿದ್ರೆ ಕೈ ನೋವು ಮಾರಾಯ" ಅಂತ ಹಳೇದನ್ನೇ ವಾಪಸ್ ಹಾಕ್ಸೋದು. ಬಾರ್ ತಪ್ಪೇನಿಲ್ಲ ಅದ್ರಲ್ಲಿ, ಲಿವರ್‌ಗಳು ಹಳೇ ಆ್ಯಂಗಲ್ಲಲ್ಲೇ ಉಳಿದಿರತ್ತೆ.

ನಾನು ತಗೊಂಡಿದ್ದು ಬೆಂಗಳೂರಿನ ಜೆಸಿ ರೋಡಲ್ಲಿ, ಮಾಮೂಲಿ 22 ಎಂಎಂ ದಪ್ಪದ ಬಾರು, ಕಂಪ್ನಿ ಬಾರಿಗಿಂತ ಸುಮಾರು ನಾಲ್ಕು ಬೆರಳು ಕೆಳಗೆ ಬರತ್ತೆ. ಮೊದ್ಲು ಬಾರ್ ಹಿಡ್ಕೊಳೋ ಹೋಲ್ಡರಿನ ಬೋಲ್ಟ್‌ಗಳನ್ನ ಅರ್ಧಂಬರ್ಧ ಟೈಟ್ ಮಾಡಿ, ಲಿವರು ಸ್ವಿಚ್ಚು ಎಲ್ಲ ಸಡಿಲ ಬಿಟ್ಟು, ಸೆಂಟರ್ ಸ್ಟ್ಯಾಂಡ್ ಹಾಕಿ ಗಾಡಿ ಮೇಲೆ ಕೂತೆ. ಇದೇ ಮುಖ್ಯ, ನಿಂತ್ಕೊಂಡು ಸೆಟ್ ಮಾಡಿದ್ದು ಕೂತಾಗ ಸರಿಹೋಗಲ್ಲ. ಕಣ್ಮುಚ್ಚಿ ದಿನಾ ಓಡಿಸೋ ಥರ ಬಗ್ಗಿ ಕೈ ಇಟ್ಟು ಬೆರಳು ಚಾಚಿದ್ರೆ, ಮೊಣಕೈಯಿಂದ ಬೆರಳ ತುದಿವರೆಗೂ ಒಂದೇ ಗೆರೆ ಇರ್ಬೇಕು, ಆ ಗೆರೆ ಎಲ್ಲಿಗೆ ಹೋಗತ್ತೋ ಅಲ್ಲಿ ಲಿವರ್ ಇರ್ಬೇಕು. ಬಾರ್ ಕೆಳಗಾದಾಗ ತೋಳು ಜಾಸ್ತಿ ಇಳಿಜಾರಾಗತ್ತಲ್ಲ, ಹಾಗಾಗಿ ಲಿವರ್‌ಗಳೂ ಮುಂಚೆಗಿಂತ ಕೆಳಮುಖ ಆಗ್ಬೇಕು. ಮೇಲೆ ಉಳಿದ್ರೆ ಪ್ರತಿ ಸಲ ಕ್ಲಚ್ ಹಿಡಿಯೋಕೆ ಮಣಿಕಟ್ಟು ಮೇಲಕ್ಕೆ ಮುರೀಬೇಕು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಹತ್ತು ನಿಮಿಷ ಸಾಕು, ಗೊತ್ತಾಗತ್ತೆ. ಲಿವರ್ ಕ್ಲ್ಯಾಂಪನ್ನ ಪೂರ್ತಿ ಜಡಿದು ಟೈಟ್ ಮಾಡ್ಬೇಡಿ, ಜೋರಾಗಿ ತಳ್ಳಿದ್ರೆ ಸ್ವಲ್ಪ ತಿರುಗೋ ಅಷ್ಟು ಇರ್ಲಿ, ಗಾಡಿ ಬಿದ್ರೆ ಲಿವರ್ ತಿರುಗತ್ತೆ, ಮುರಿಯಲ್ಲ.

ಸ್ವಿಚ್ಚಿಂದು ಬೇರೆ ಕತೆ. ನನ್ನ ಗಾಡಿಗೆ ಹಿಂದಿನ ಓನರ್ ಹಾಕ್ಸಿದ್ದ ಸ್ವಿಚ್ ಹೌಸಿಂಗ್ ಒಳಗೆ ಒಂದು ಸಣ್ಣ ಪಿನ್ ಇದೆ, ಅದು ಬಾರಲ್ಲಿರೋ ತೂತಿಗೆ ಕೂರ್ಬೇಕು, ಹೊಸ ಬಾರಲ್ಲಿ ತೂತೇ ಇಲ್ಲ. ಪಿನ್ ಕತ್ತರಿಸಿಬಿಡಿ ಅಂತ ಎಲ್ರೂ ಹೇಳ್ತಾರೆ, ನಂಗೆ ಅದು ಇಷ್ಟ ಇಲ್ಲ, ಆಕ್ಸಿಲೇಟರ್ ತಿರುಗಿಸುವಾಗ ಹೌಸಿಂಗೇ ಜೊತೆಗೆ ತಿರುಗಿದ್ರೆ ಕಷ್ಟ. ಲಿವರ್ ಜಾಗ ಪಕ್ಕಾ ಆದ್ಮೇಲೆ ಸ್ವಿಚ್ ಎಲ್ಲಿ ಬರತ್ತೆ ನೋಡಿ ಮಾರ್ಕ್ ಮಾಡಿ, ಸೆಂಟರ್ ಪಂಚ್ ಹೊಡೆದು, ಪಿನ್ ಹಿಡಿಯೋ ಅಷ್ಟೇ ಸಣ್ಣ ಬಿಟ್ಟಲ್ಲಿ ಡ್ರಿಲ್ ಮಾಡ್ದೆ.

ಈಗ ಕೇಬಲ್ಲು. ಬಾರ್ ಕೆಳಗೆ ಬಂದಷ್ಟೂ ಕೇಬಲ್ ಉದ್ದ ಜಾಸ್ತಿಯಾಗಿ ಹೆಡ್‌ಲೈಟ್ ಮುಂದೆ ಕಮಾನು ಥರ ಎದ್ದು ನಿಲ್ಲತ್ತೆ. ಅದನ್ನ ಮಡಚಿ ಟ್ಯಾಗ್ ಹಾಕಿ ಕಟ್ಟೋದು ಬೇಡ, ಚೂಪಾದ ತಿರುವಲ್ಲಿ ಒಳಗಿನ ತಂತಿ ಉಜ್ಜಿ ಕ್ಲಚ್ ಗಟ್ಟಿಯಾಗತ್ತೆ, ಆಮೇಲೆ ಎಳೆ ಎಳೆಯಾಗಿ ಕಿತ್ತೋಗತ್ತೆ. ನಾನು ಕ್ಲಚ್ ಕೇಬಲ್ಲನ್ನ ಫೋರ್ಕಿನ ಹಿಂದೆ ದೊಡ್ಡ ತಿರುವಲ್ಲಿ ತಂದೆ, ಮುಂದಿನ ಬ್ರೇಕಿಗೆ ಮಾತ್ರ ಅಳತೆ ಕೊಟ್ಟು ಗಿಡ್ಡ ಕೇಬಲ್ ಮಾಡಿಸ್ದೆ. ಕ್ಲಚ್ ಲಿವರ್ ಬುಡದಲ್ಲಿ 2-3 ಎಂಎಂ ಆಟ (ಕೇಬಲ್ ಎಳೆಯೋಕೆ ಮುಂಚೆ ಲಿವರ್ ಸುಮ್ನೆ ಅಲ್ಲಾಡೋ ಜಾಗ) ಇಟ್ಕೊಂಡೆ, ಅದಕ್ಕಿಂತ ಕಮ್ಮಿ ಇಟ್ರೆ ಕ್ಲಚ್ ಪೂರ್ತಿ ಹಿಡಿಯದೆ ಪ್ಲೇಟ್ ಸವೆಯತ್ತೆ.

ಆರ್‌ಎಕ್ಸಲ್ಲಿ ಎಲ್ರೂ ಮರೆಯೋದು ಆಯಿಲ್ ಪಂಪು, ಅಂದ್ರೆ ಇಂಜಿನ್ನಿಗೆ ತಾನಾಗೇ ಆಯಿಲ್ ಕೊಡೋ ಆಟೋಲ್ಯೂಬ್. ಆಕ್ಸಿಲೇಟರ್ ಕೇಬಲ್ಲು ಮಧ್ಯದಲ್ಲಿ ಕವಲೊಡೆದು ಒಂದು ಕಾರ್ಬೊರೇಟರ್‌ಗೆ, ಇನ್ನೊಂದು ಆಟೋಲ್ಯೂಬ್ ಪಂಪಿಗೆ ಹೋಗತ್ತೆ. ಮೇಲ್ಗಡೆ ಗ್ರಿಪ್ಪಲ್ಲಿ ಆಟ ಅಡ್ಜಸ್ಟ್ ಮಾಡಿದ್ರೆ ಎರಡೂ ಬದಲಾಗತ್ತೆ. ಮೊದ್ಲು ಕಾರ್ಬೊರೇಟರ್ ಕಡೆ ಸರಿಮಾಡಿ, ಆಮೇಲೆ ಪಂಪ್ ಕವರ್ ಬಿಚ್ಚಿ ಪುಲ್ಲಿ ಮೇಲಿನ ಗುರುತು ಮ್ಯಾನುಯಲ್ಲಲ್ಲಿ ಹೇಳಿದ ಜಾಗಕ್ಕೆ ಬರ್ತಿದ್ಯಾ ನೋಡ್ಲೇಬೇಕು. ಪಂಪ್ ಕಡೆ ಕೇಬಲ್ ಸಡಿಲ ಇದ್ರೆ ಆಯಿಲ್ ಕಮ್ಮಿ ಹೋಗತ್ತೆ, ಹೈವೇಲಿ ಎಳೆಯುವಾಗ ಪಿಸ್ಟನ್ ಹಿಡ್ಕೊಳತ್ತೆ. ಟೈಟ್ ಇದ್ರೆ ಹೊಗೆ ಜಾಸ್ತಿ, ಪ್ಲಗ್ ಕಪ್ಪು. ಆಟೋಲ್ಯೂಬ್ ತೆಗೆಸಿ ಪೆಟ್ರೋಲಿಗೇ ಆಯಿಲ್ ಬೆರೆಸೋರಿಗೆ ಈ ತಲೆನೋವಿಲ್ಲ.

ಎಲ್ಲ ಆದ್ಮೇಲೆ ಒಂದು ಟೆಸ್ಟು, ಇದನ್ನ ಬಿಟ್ಟು ರೋಡಿಗೆ ಇಳೀಬೇಡಿ. ನ್ಯೂಟ್ರಲ್ಲಲ್ಲಿ ಇಂಜಿನ್ ಐಡಲ್ ಬಿಟ್ಟು ಹ್ಯಾಂಡಲನ್ನ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ನಿಧಾನಕ್ಕೆ ತಿರುಗಿಸಿ. ಸೌಂಡ್ ಏರಿದ್ರೆ ಆಕ್ಸಿಲೇಟರ್ ಕೇಬಲ್ ಎಲ್ಲೋ ಎಳೀತಿದೆ ಅಂತ, ಯೂ ಟರ್ನ್ ಮಾಡುವಾಗ ಗಾಡಿ ತಾನಾಗೇ ನುಗ್ಗತ್ತೆ. ನಂದು ಬಲಕ್ಕೆ ತಿರುಗಿಸಿದಾಗ "ಗ್ರೂಂ" ಅಂತ ಏರ್ತು, ನೋಡಿದ್ರೆ ಕೇಬಲ್ಲು ಹೆಡ್‌ಲೈಟ್ ಡೂಮಿಗೂ ಫೋರ್ಕಿಗೂ ಮಧ್ಯ ಸಿಕ್ಕಿಹಾಕ್ಕೊಂಡಿತ್ತು, ಹೊರಗೆ ತಂದ್ಮೇಲೆ ಸರಿಹೋಯ್ತು. ಹಾಗೇ ಪೂರ್ತಿ ತಿರುಗಿಸಿದಾಗ ಗ್ರಿಪ್ಪಿಗೂ ಟ್ಯಾಂಕಿಗೂ ಮಧ್ಯ ಹೆಬ್ಬೆರಳು ಆರಾಮಾಗಿ ಹಿಡೀಬೇಕು, ಇಲ್ಲಾಂದ್ರೆ ಬಾರನ್ನ ಹೋಲ್ಡರಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿಸಿ, ಲಿವರ್ ಮತ್ತೆ ಮೊದ್ಲಿಂದ.

ಕಾಲಿನದ್ದು ಚಿಕ್ಕ ಕೆಲ್ಸ. ಮುಂದಕ್ಕೆ ಬಗ್ಗಿದಾಗ ಪಾದದ ತುದಿ ಕೆಳಗೆ ಬರತ್ತೆ, ಗೇರ್ ಲಿವರನ್ನ ಅದು ಕೂರೋ ಹಲ್ಲುಹಲ್ಲಿನ ಶಾಫ್ಟಲ್ಲಿ (ಸ್ಪ್ಲೈನ್) ಒಂದು ಹಲ್ಲು ಕೆಳಗಿಳಿಸ್ದೆ, ಹಿಂದಿನ ಬ್ರೇಕ್ ಪೆಡಲನ್ನೂ ಸ್ವಲ್ಪ ಇಳಿಸಿ ರಾಡಿನ ನಟ್ಟಲ್ಲಿ ಆಟ 20-30 ಎಂಎಂಗೆ ತಂದೆ. ಪೆಡಲ್ ಅಡ್ಜಸ್ಟ್ ಮಾಡಿದ್ರೆ ಬ್ರೇಕ್ ಲೈಟ್ ಸ್ವಿಚ್ಚನ್ನೂ ಅಡ್ಜಸ್ಟ್ ಮಾಡ್ಬೇಕು, ಇಲ್ಲಾಂದ್ರೆ ಲೈಟು ಒಂದೋ ಉರೀತಾನೇ ಇರತ್ತೆ ಇಲ್ಲ ಹತ್ತೋದೇ ಇಲ್ಲ. ಮಿರರ್ ಬಿಚ್ಚುವಾಗ ಬಲಗಡೇದು ಉಲ್ಟಾ ಥ್ರೆಡ್ಡು ಅಂತ ನೆನಪಿರ್ಲಿ, ಯಮಹಾದಲ್ಲಿ ಹಾಗೇ, ಮಾಮೂಲಿ ಥರ ಜೋರಾಗಿ ತಿರುಗಿಸಿದ್ರೆ ಲಿವರ್ ಹೋಲ್ಡರ್ ಥ್ರೆಡ್ಡೇ ಹೋಗತ್ತೆ.

ಹೊಸ ಬ್ರೇಕ್ ಕೇಬಲ್ ಸ್ವಲ್ಪ ಹಿಗ್ಗಿ ಒಂದ್ಸಲ ಮತ್ತೆ ಅಡ್ಜಸ್ಟ್ ಮಾಡ್ಬೇಕಾಯ್ತು, ಆಗ್ಲೇ ಹೋಲ್ಡರ್ ಬೋಲ್ಟೂ ಚೆಕ್ ಮಾಡ್ದೆ. ಹಳೇ ಬಾರನ್ನ ಕೇಬಲ್ ಸಮೇತ ಅಟ್ಟದ ಮೇಲೆ ಇಟ್ಟಿದೀನಿ, ಐದು ವರ್ಷಕ್ಕೊಂದ್ಸಲ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಹತ್ರ ಗಾಡಿ ತಗೊಂಡೋಗ್ಬೇಕಲ್ಲ, ಆವಾಗ ಬೇಕಾಗತ್ತೆ.