ರೇಡಿಯೇಶನ್ ನಂತರ ಮರಳಿ ಬಂದ ಪ್ರಾಸ್ಟೇಟ್ ಕ್ಯಾನ್ಸರ್: ಆಪರೇಷನ್ ಯಾರಿಗೆ? ನನ್ನ ಅನುಭವ

ರೇಡಿಯೇಶನ್ ಮುಗಿದು ವರ್ಷಗಳಾದ ಮೇಲೆ, ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಪ್ರೋಟೀನಿನ ಅಳತೆಯಾದ ಪಿಎಸ್‌ಎ ಏರಿದೆ ಎಂದು ರಿಪೋರ್ಟ್ ಹಿಡಿದು ಬರುವವರು ಮೊದಲು ಕೇಳುವುದು ಒಂದೇ: ‘ಡಾಕ್ಟ್ರೇ, ಆಪರೇಷನ್ ಮಾಡಿ ತೆಗೆದುಬಿಡಿ.’ ಮೂತ್ರರೋಗ ಶಸ್ತ್ರಚಿಕಿತ್ಸಕನಾಗಿ ಈ ಆಪರೇಷನ್ ನಾನು ಮಾಡುತ್ತೇನೆ. ಆದರೂ ಹಾಗೆ ಬಂದವರಲ್ಲಿ ಹೆಚ್ಚಿನವರಿಗೆ ಬೇಡ ಎನ್ನುತ್ತೇನೆ.

ಮರಳಿ ಬಂದಿದೆ ಎನ್ನುವುದಕ್ಕೇ ಒಂದು ಲೆಕ್ಕವಿದೆ. ಗ್ರಂಥಿಯನ್ನೇ ತೆಗೆಸಿಕೊಂಡವರಲ್ಲಿ ಪಿಎಸ್‌ಎ ಸೊನ್ನೆಯ ಹತ್ತಿರ ಇರಬೇಕು. ಅದು 0.2 ಮುಟ್ಟಿ, ಮತ್ತೊಮ್ಮೆ ನೋಡಿದಾಗಲೂ ಇಳಿಯದಿದ್ದರೆ ಕಾಯಿಲೆ ಮರಳಿದೆ ಎಂದರ್ಥ. ರೇಡಿಯೇಶನ್ ಪಡೆದವರಲ್ಲಿ ಗ್ರಂಥಿ ಒಳಗೇ ಇರುತ್ತದೆ. ಅವರಲ್ಲಿ ಚಿಕಿತ್ಸೆಯ ನಂತರ ಇಳಿದ ಅತಿ ಕಡಿಮೆ ಅಂಕಿಗಿಂತ 2 ಜಾಸ್ತಿಯಾಗಬೇಕು. ಮೊದಲೆರಡು ವರ್ಷಗಳಲ್ಲಿ ಪಿಎಸ್‌ಎ ಒಮ್ಮೆ ಮೇಲೆದ್ದು ತಾನಾಗಿಯೇ ಇಳಿಯುವುದೂ ಉಂಟು. ಅಂಥ ಒಂದು ರಿಪೋರ್ಟ್ ನೋಡಿ ಮನೆಮಂದಿಯೆಲ್ಲ ನಿದ್ದೆಗೆಟ್ಟಿರುತ್ತಾರೆ. ಹಳೆಯ ರಿಪೋರ್ಟ್‌ಗಳನ್ನೆಲ್ಲ ತರಿಸಿ, ತಾರೀಖಿನ ಪ್ರಕಾರ ಬರೆದು, ಅಂಕಿ ಎಷ್ಟು ತಿಂಗಳಿಗೆ ದುಪ್ಪಟ್ಟಾಗುತ್ತಿದೆ ಎಂದು ಅವರೆದುರೇ ಲೆಕ್ಕ ಹಾಕುತ್ತೇನೆ. ಯೋಚಿಸಲು ಸಮಯವಿದೆ ಎಂದು ಅರ್ಥವಾದಾಗ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಆದರೆ ಮೊದಲು ಆಪರೇಷನ್ ಆದವರ ವಿಷಯದಲ್ಲಿ ತಡ ಮಾಡುವಂತಿಲ್ಲ. ಅವರಿಗೆ ಗ್ರಂಥಿ ಇದ್ದ ಜಾಗಕ್ಕೆ ರೇಡಿಯೇಶನ್ ಕೊಡಬೇಕು, ಪಿಎಸ್‌ಎ 0.5 ದಾಟುವ ಮೊದಲೇ ಕೊಟ್ಟರೆ ಫಲ ಹೆಚ್ಚು. ಅಷ್ಟು ಕಡಿಮೆ ಇರುವಾಗ, ಕ್ಯಾನ್ಸರ್ ಇರುವ ಜಾಗ ಹೊಳೆಯುವಂತೆ ತೋರಿಸುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ನಲ್ಲಿ ಏನೂ ಕಾಣದೆ ಇರಬಹುದು. ಕಾಣಲಿ ಎಂದು ಕಾಯುತ್ತಾ ಕೂರುವುದು ಬೇಡ.

ರೇಡಿಯೇಶನ್ ಪಡೆದವರಲ್ಲಿ ಪೆಟ್ ಸ್ಕ್ಯಾನ್ ಮತ್ತು ಎಂಆರ್‌ಐ ಎರಡನ್ನೂ ಮಾಡಿಸುತ್ತೇನೆ. ಮೂಳೆಯಲ್ಲೋ ದುಗ್ಧರಸ ಗ್ರಂಥಿಯಲ್ಲೋ ಹೊಳಪು ಕಂಡರೆ ಪ್ರಾಸ್ಟೇಟ್ ತೆಗೆಯುವ ಮಾತು ಅಲ್ಲಿಗೆ ನಿಂತಿತು. ಒಳಗೇ ಉಳಿದಿದೆ ಎನಿಸಿದರೂ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಇಲ್ಲದೆ ಕತ್ತಿ ಹಿಡಿಯುವುದಿಲ್ಲ. ಅದನ್ನೂ ರೇಡಿಯೇಶನ್ ಆಗಿ ಎರಡು ವರ್ಷ ಕಳೆದ ಮೇಲೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಸಾಯುತ್ತಿರುವ ಜೀವಕೋಶಗಳೂ ಅಲ್ಲಿಯವರೆಗೆ ಜೀವಂತ ಕ್ಯಾನ್ಸರಿನಂತೆ ಕಾಣಬಹುದು. ಇನ್ನೂ ಹತ್ತು ವರ್ಷವಾದರೂ ಬಾಳುವ ಆರೋಗ್ಯ, 10ರೊಳಗಿನ ಪಿಎಸ್‌ಎ, ಮೂತ್ರಕೋಶ ಸರಿಯಾಗಿರುವುದು, ಇಷ್ಟೂ ಕೂಡಿಬಂದರೆ ಆಪರೇಷನ್ ವಿಷಯ ಎತ್ತುತ್ತೇನೆ.

ಹಾವೇರಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಇಷ್ಟೂ ಕೂಡಿಬಂದಿತ್ತು. ಮಗನನ್ನು ಹೊರಗೆ ಕೂರಿಸಿ, ಮೇಷ್ಟ್ರು ಮತ್ತು ಅವರ ಹೆಂಡತಿಯ ಜೊತೆ ಮಾತಾಡಿದೆ. ‘ಮೂತ್ರ ಸೋರುತ್ತದೆ ಮೇಷ್ಟ್ರೇ. ಮೊದಲ ಸಲ ಆಪರೇಷನ್ ಆಗುವವರಿಗಿಂತ ಬಹಳ ಹೆಚ್ಚು. ಕೆಲವರಿಗೆ ಕೊನೆಯವರೆಗೂ ಪ್ಯಾಡ್ ಬೇಕಾಗುತ್ತದೆ. ಗಂಡ ಹೆಂಡತಿ ಸಂಬಂಧ ಮೊದಲಿನಂತೆ ಇರುವುದಿಲ್ಲ. ಗುದನಾಳಕ್ಕೆ ಗಾಯವಾದರೆ ಕೆಲವು ತಿಂಗಳು ಹೊಟ್ಟೆಯ ಮೇಲೆ ಚೀಲ ಇಡಬೇಕಾದೀತು.’ ಆ ಅಮ್ಮ ಕೇಳಿದ್ದು: ‘ಪ್ಯಾಡ್ ನಮ್ಮೂರಲ್ಲಿ ಸಿಗ್ತದೇನ್ರಿ? ತಿಂಗಳಿಗೆ ಎಷ್ಟಾಗ್ತದ?’ ಎಲ್ಲರೂ ಕೇಳಬೇಕಾದ ಪ್ರಶ್ನೆ ಅದು. ಯೋಚಿಸಲು ಮನೆಗೆ ಕಳಿಸಿದೆ. ಬೇಕೆಂದೇ ತಿರುಗಿ ಬಂದರು.

ಆಪರೇಷನ್ ಕಷ್ಟವಾಗುವುದು ಪ್ರಾಸ್ಟೇಟ್ ಮತ್ತು ಗುದನಾಳದ ನಡುವೆ. ಅಲ್ಲೊಂದು ತೆಳುಪೊರೆ ಇದೆ. ರೇಡಿಯೇಶನ್ ಆಗದವರಲ್ಲಿ ಸಲೀಸಾಗಿ ಬಿಟ್ಟುಕೊಡುವ ಅದು ಇವರಲ್ಲಿ ತಳಹತ್ತಿದ ಅನ್ನದಂತೆ ಅಂಟಿರುತ್ತದೆ. ಅಲ್ಲಿ ಸುಟ್ಟು ಕತ್ತರಿಸುವ ಉಪಕರಣ ಬದಿಗಿಟ್ಟು ಬರೀ ಕತ್ತರಿಯಿಂದ ಬಿಡಿಸುತ್ತೇನೆ, ಏಕೆಂದರೆ ರೇಡಿಯೇಶನ್ ತಿಂದ ಕರುಳಿಗೆ ಶಾಖವೂ ತಾಗಿದರೆ ಗಾಯ ಮಾಯುವುದು ಕಷ್ಟ. ಸಹಾಯಕರು ಗುದನಾಳದಲ್ಲಿ ಬೆರಳಿಟ್ಟು ಗೋಡೆ ಎಲ್ಲಿದೆ ಎಂದು ತೋರಿಸುತ್ತಿರುತ್ತಾರೆ. ಗ್ರಂಥಿ ಹೊರಬಂದ ಮೇಲೆ ಆ ಜಾಗಕ್ಕೆ ಸಲೈನ್ ತುಂಬಿ ಕೆಳಗಿನಿಂದ ಗಾಳಿ ಊದುತ್ತೇವೆ. ಗುಳ್ಳೆ ಎದ್ದರೆ ಎಲ್ಲೋ ತೂತಾಗಿದೆ ಎಂದರ್ಥ. ಮೇಷ್ಟ್ರಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಮೂತ್ರದ ನಳಿಕೆ (ಕ್ಯಾಥೆಟರ್) ಮಾಮೂಲಿಗಿಂತ ಹೆಚ್ಚು ದಿನ ಇಟ್ಟು, ಬಣ್ಣದ ದ್ರವ ಬಿಟ್ಟು ಎಕ್ಸ್-ರೇಯಲ್ಲಿ ಸೋರಿಕೆ ಇಲ್ಲವೆಂದು ನೋಡಿಯೇ ತೆಗೆದೆ. ಅವರ ಪಿಎಸ್‌ಎ ಇಳಿದಿದೆ. ದಿನಕ್ಕೊಂದು ಪ್ಯಾಡ್ ಬೇಕು.

ಎಲ್ಲರೂ ಈ ಬೆಲೆ ತೆರಬೇಕಿಲ್ಲ. ಒಳಗೇ ವಿಕಿರಣ ಸೂಜಿ ಇಡುವ ಬ್ರ್ಯಾಕಿಥೆರಪಿ, ಗುರಿಯಿಟ್ಟು ಹೊರಗಿನಿಂದ ಕೊಡುವ ರೇಡಿಯೇಶನ್ ಆದ ಎಸ್‌ಬಿಆರ್‌ಟಿ, ಹೆಪ್ಪುಗಟ್ಟಿಸುವ ಕ್ರಯೋಥೆರಪಿ, ಶಬ್ದತರಂಗದಿಂದ ಸುಡುವ ಹೈಫು ಇವೆ. 2021ರಲ್ಲಿ ಇವನ್ನೆಲ್ಲ ಹೋಲಿಸಿದ ದೊಡ್ಡ ವಿಶ್ಲೇಷಣೆಯಲ್ಲಿ, 5 ವರ್ಷ ಕಾಯಿಲೆ ಮರಳದವರು ಯಾವ ವಿಧಾನದಲ್ಲೂ ಸುಮಾರು ಶೇ 50ರಿಂದ 60. ಮೂತ್ರದ ತೀವ್ರ ತೊಂದರೆ ಮಾತ್ರ ಶಸ್ತ್ರಚಿಕಿತ್ಸೆ ಮತ್ತು ಹೈಫುವಿನಲ್ಲಿ ಶೇ 20ಕ್ಕೂ ಹೆಚ್ಚು, ಬ್ರ್ಯಾಕಿಥೆರಪಿ, ಎಸ್‌ಬಿಆರ್‌ಟಿಯಂಥ ಮರುರೇಡಿಯೇಶನ್‌ನಲ್ಲಿ ಶೇ 10ಕ್ಕಿಂತ ಕಡಿಮೆ. ಹೀಗಾಗಿ ನನ್ನ ಹತ್ತಿರ ಬಂದವರನ್ನು ರೇಡಿಯೇಶನ್ ತಜ್ಞರ ಬಳಿಯೂ ಕಳಿಸಿಯೇ ತೀರ್ಮಾನಕ್ಕೆ ಬರುತ್ತೇನೆ.

ಕಾಯಿಲೆ ಹರಡಿದವರಿಗೆ, ಪಿಎಸ್‌ಎ ವೇಗವಾಗಿ ಏರುತ್ತಿರುವವರಿಗೆ ಗಂಡು ಹಾರ್ಮೋನ್ ತಡೆಯುವ ಇಂಜೆಕ್ಷನ್, ಜೊತೆಗೆ ಎಂಜಲುಟಮೈಡ್‌ನಂಥ ಮಾತ್ರೆ. ವಯಸ್ಸಾಗಿ, ಅಂಕಿ ನಿಧಾನಕ್ಕೆ ಏರುತ್ತಿದ್ದರೆ ಬರೀ ಗಮನಿಸುತ್ತಾ ಇರುವುದೂ ಸರಿಯಾದ ದಾರಿಯೇ. ಇಂಜೆಕ್ಷನ್ ಶುರುವಾಯಿತೆಂದರೆ ಮೂಳೆ ಸವೆಯುತ್ತದೆ, ರಕ್ತದ ಸಕ್ಕರೆ ಏರಬಹುದು. ಮೊದಲೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ದಿನವೂ ನಡೆಯಿರಿ, ಹೃದಯದ ಕಾಯಿಲೆ ಇದ್ದರೆ ವೈದ್ಯರಿಗೆ ಮುಂಚೆಯೇ ಹೇಳಿ.